ಗೋಡೆಯಾಚೆಯ ವೈನಿ, ಹೆಜ್ಜೇನು ಮತ್ತು ಕೆಂಪು ಚೇಳು

“ಅಕ್ಕಾರ, ನಿಮ್ಮ ನೀರಿನ ಟಾಕಿ ಕೆಳಗ ನೋಡ್ರಿ, ಹೆಜ್ಜೇನು ಕೂತಾವು!” ಗೋಡೆಯಾಚೆಯಿಂದ ವೈನಿ ಕೂಗಿದರು. ಪುಣೆಯ ಸ್ವಾರಗೇಟದಲ್ಲಿ ಕನ್ನಡದ ಕೂಗು ಹೊಸದಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿಯ ಬಸ್ಸುಗಳು ಬಂದು ನಿಲ್ಲುವ ಜಾಗ ಇದು; ದಿನಬೆಳಗಾದರೆ ನಮ್ಮ ಕಡೆಯ ಮಂದಿ ಗಂಟುಮೂಟೆ ಹೊತ್ತು ಇಳಿಯುತ್ತಾರೆ. ವೈನಿಯವರ ತವರು ಯಾದಗಿರಿ ಸೀಮೆ, ನನ್ನದು ವಿಜಯಪುರ. ನಡುವೆ ಎದೆಮಟ್ಟದ ಗೋಡೆ. ಬಟ್ಟೆ ಒಣಹಾಕುವ ಹೊತ್ತಿಗೆ ನಮ್ಮ ಮಾತು ಶುರುವಾಗುತ್ತದೆ.

ಅವರಿಗೆ ಯಾರನ್ನಾದರೂ ಕರೆಸಿ ರಾತ್ರಿ ಹೊಗೆ ಹಾಕಿಸಬೇಕೆಂಬ ಆತುರ. ನಾನು ಬೇಡವೆಂದೆ. ಹೆಜ್ಜೇನು ಪೊಟರೆಯೊಳಗೆ ಅಡಗಿ ಕಟ್ಟುವ ಜಾತಿಯಲ್ಲ. ಬಯಲಿನಲ್ಲಿ ಒಂದೇ ಒಂದು ದೊಡ್ಡ ಎರಿ ತೂಗಿಬಿಡುತ್ತದೆ. ಅದು ಮೀಟರಿಗಿಂತ ಅಗಲ ಬೆಳೆಯುವುದೂ ಉಂಟು. ಅದರ ಮೇಲೆ ಪರದೆಯಂತೆ ಕೂತ ಸಾವಿರಾರು ಹುಳಗಳೇ ಅದಕ್ಕೆ ಗೋಡೆ, ಅವೇ ಕಾವಲು. ಹಂಗಾಮು ಮುಗಿದ ಮೇಲೆ ತಾವಾಗಿ ಎದ್ದು ಬೇರೆ ಊರಿಗೆ ಹೋಗುತ್ತವೆ. ಸಾರಸಬಾಗಿನ ಹೂವು, ಪರ್ವತಿ ಗುಡ್ಡದ ಗಿಡಮರ ಹತ್ತಿರವಿರುವಾಗ ಅವು ಇಲ್ಲಿ ಬಾರದೆ ಇನ್ನೆಲ್ಲಿಗೆ ಹೋದಾವು? ಜೇನಿನ ಸಂಶೋಧನೆಗೆಂದೇ 1962ರಲ್ಲಿ ಕೇಂದ್ರೀಯ ಸಂಸ್ಥೆಯೊಂದನ್ನು ತೆರೆದ ಊರು ಈ ಪುಣೆ. ಇಂಥ ಊರಿನಲ್ಲಿ ಪಂಜು ಹಿಡಿದು ಜೇನು ಸುಡುವುದು ನನಗೆ ಒಗ್ಗದ ಮಾತು. ತೆಗೆಸಲೇಬೇಕಾದರೆ ಆ ಕೆಲಸ ಬಲ್ಲವರನ್ನು ಕರೆಸಬೇಕು.

“ಆತು, ಕಡದರ ಏನ್ ಮಾಡೂದು? ಸುಣ್ಣಾ ಹಚ್ಚಬೇಕೋ, ಕಬ್ಬಿಣಾ ತಿಕ್ಕಬೇಕೋ?”

ಎರಡೂ ಬೇಡ. ಜೇನಿನ ಮುಳ್ಳಿಗೆ ಕೊಕ್ಕೆಗಳಿವೆ. ಚುಚ್ಚಿದ ಮೇಲೆ ಮುಳ್ಳು ನಮ್ಮ ಚರ್ಮದಲ್ಲೇ ಸಿಕ್ಕಿಕೊಂಡು, ಹುಳದ ಹೊಟ್ಟೆಯ ಭಾಗ ಕಿತ್ತು ಅದು ಸಾಯುತ್ತದೆ. ಹುಳ ಸತ್ತರೂ ಮುಳ್ಳಿಗೆ ಅಂಟಿದ ವಿಷದ ಚೀಲ ಮಾತ್ರ ಒತ್ತುತ್ತಲೇ ಇರುತ್ತದೆ. ಆದ್ದರಿಂದ ಮುಳ್ಳನ್ನು ಕೂಡಲೇ ಕೀಳಬೇಕು. ಉಗುರಿನಿಂದ ಹಿಂಡಬಾರದು, ಕಾರ್ಡಿನಿಂದ ಕೆರೆದೇ ತೆಗೆಯಬೇಕು ಎಂದು ಬಹಳ ವರ್ಷ ಹೇಳುತ್ತಿದ್ದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪರೀಕ್ಷೆಯೊಂದು, ಹೇಗೆ ತೆಗೆದರೂ ಸರಿ, ಎಷ್ಟು ಬೇಗ ತೆಗೆದಿರಿ ಎಂಬುದೇ ಮುಖ್ಯ ಎಂದು ತೋರಿಸಿತು. ಕಾರ್ಡು ಹುಡುಕುತ್ತ ಒಳಗೆ ಓಡುವ ಹೊತ್ತಿನಲ್ಲಿ ವಿಷ ಇಳಿದಿರುತ್ತದೆ. ಇನ್ನೊಂದು ಮಾತು: ಚುಚ್ಚಿದ ಜಾಗದಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದ ಹುಳಗಳನ್ನು ಕರೆಯುತ್ತದೆ. ಅಲ್ಲೇ ನಿಂತು ಟವೆಲ್ ಬೀಸಿದರೆ ಇಡೀ ಗುಂಪು ಬೀಳುತ್ತದೆ. ಮುಖ ಮುಚ್ಚಿಕೊಂಡು ಓಡಿ, ಮನೆಯೊಳಗೋ ಗಾಡಿಯೊಳಗೋ ಹೊಕ್ಕು ಬಾಗಿಲು ಹಾಕಿಕೊಳ್ಳಬೇಕು. ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ಹುಡುಗರು ಇದನ್ನು ನೆನಪಿಡಬೇಕು. ಅಲ್ಲಿನ ಬಂಡೆಗಳಿಗೆ ಹೆಜ್ಜೇನು ತೂಗಿರುತ್ತವೆ. ಒಬ್ಬ ಎಸೆದ ಕಲ್ಲಿಗೆ, ಹಚ್ಚಿದ ಒಲೆಯ ಹೊಗೆಗೆ, ಏನೂ ಮಾಡದ ಇಪ್ಪತ್ತು ಮಂದಿ ಕಡಿಸಿಕೊಳ್ಳುತ್ತಾರೆ.

ಒಂದೆರಡು ಹುಳ ಕಡಿದರೆ ಹೆಚ್ಚಿನವರಿಗೆ ಬಾವು, ಉರಿ, ಅಷ್ಟೇ. ಮೈಗೆ ಒಗ್ಗದವರಿಗೆ ಮಾತ್ರ ಒಂದೇ ಕಡಿತ ಸಾಕು. ತುಟಿ, ನಾಲಿಗೆ ಊದುತ್ತದೆ, ಮೈಯೆಲ್ಲ ದದ್ದು ಏಳುತ್ತದೆ, ಉಸಿರು ಸಿಕ್ಕುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. ಇದೆಲ್ಲ ನಿಮಿಷಗಳ ಆಟ. ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಆಗ ಜೀವ ಉಳಿಸುತ್ತದೆ. ಇನ್ನು ನೂರಾರು ಹುಳ ಕಡಿದವರು, ಒಗ್ಗಲಿ ಬಿಡಲಿ, ಆರಾಮಾಗಿ ಕಂಡರೂ ಆಸ್ಪತ್ರೆಯಲ್ಲಿರಬೇಕು. ಅಷ್ಟು ವಿಷ ಆಮೇಲೆ ಕಿಡ್ನಿಗೆ ಬರುತ್ತದೆ.

“ಜೇನು ಬಿಡ್ರಿ ಅಕ್ಕಾರ, ನಮ್ಮ ಕಡೆ ಅಂಜಿಕಿ ಅಂದ್ರ ಚೇಳಿಂದು,” ಎಂದರು ವೈನಿ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಗುಡ್ಡದ ಮೇಲೆ ಜಾತ್ರೆ. ಮಂದಿ ಕಲ್ಲೆತ್ತಿ ಚೇಳು ಹಿಡಿದು ಅಂಗೈ, ತೋಳು, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿನ ದೇವಿ ಕೊಂಡಮ್ಮಾಯಿಯ ದಯೆಯಿಂದ ಆ ದಿನ ಅದು ಕಡಿಯುವುದಿಲ್ಲವೆಂದು ನಂಬಿಕೆ. “ಉಳದ ದಿನಾ ಕಡದ್ರ ಮಂತ್ರಾ ಹಾಕಸ್ತಿದ್ವಿ. ಖರೇ ಹೇಳ್ತೀನಿ, ಒಂದೆರಡ ತಾಸಿನಾಗ ನೋವು ಇಳೀತಿತ್ತು.”

ವೈನಿ ಸುಳ್ಳು ಹೇಳುತ್ತಿಲ್ಲ, ನೋವು ಇಳಿಯುವುದು ಖರೆ. ಇಲ್ಲೇ ಮೋಸವಿರುವುದು. ಕಪ್ಪನೆಯ ದೊಡ್ಡ ಚೇಳು, ದಪ್ಪ ಕೊಂಡಿಗೈಗಳದ್ದು, ಕಡಿದರೆ ಚೀರುವಷ್ಟು ನೋವಾಗುತ್ತದೆ, ಆ ನೋವು ತಾನಾಗಿ ಇಳಿಯುತ್ತದೆ. ಸಣಕಲು ಕೈ, ದಪ್ಪ ಬಾಲದ ಪುಟ್ಟ ಕೆಂಪು ಚೇಳು ಹಾಗಲ್ಲ. ಅದರ ವಿಷ ಮೈಗೇರಿದವರಲ್ಲಿ ಕಡಿದ ಜಾಗದ ನೋವು ಎಷ್ಟೋ ಸಲ ಕಡಿಮೆಯೇ ಇರುತ್ತದೆ. ಮಂತ್ರವಾದಿಯ ಹೆಸರು ಬೆಳೆದದ್ದು ಕಪ್ಪು ಚೇಳಿನಿಂದ. ಅದೇ ನಂಬಿಕೆಯಿಂದ ಮಕ್ಕಳನ್ನು ಕಳೆದುಕೊಂಡದ್ದು ಕೆಂಪು ಚೇಳಿನಿಂದ.

ಇದನ್ನು ಬಿಡಿಸಿ ತೋರಿಸಿದವರು ಪುಣೆಗೆ ಹತ್ತಿರದವರೇ. ಡಾ. ಹಿಮ್ಮತರಾವ್ ಬಾವಸ್ಕರ್ 1976ರಲ್ಲಿ ಘಟ್ಟದ ಕೆಳಗೆ ರಾಯಗಡ ಜಿಲ್ಲೆಯ ಬಿರವಾಡಿಯ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದರು. ಕೆಂಪು ಚೇಳು ಕಡಿದು ತೀವ್ರವಾಗಿ ನರಳುತ್ತ ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿ ಆಗ ಸಾಯುತ್ತಿದ್ದರು. ಅವರು ರೋಗಿಯ ಮಂಚದ ಪಕ್ಕದಲ್ಲೇ ಕೂತು ನೋಡಿದರು. ಬೆವರು, ವಾಂತಿ, ಮಂಜಿನಂತೆ ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಜನನಾಂಗ ಸೆಟೆದು ನಿಲ್ಲುವುದು, ಏರುವ ರಕ್ತದೊತ್ತಡ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಕೆಮ್ಮಿನಲ್ಲಿ ಗುಲಾಬಿ ನೊರೆ. ವಿಷವು ನರಗಳನ್ನು ಕೆರಳಿಸಿ ಮೈಯಲ್ಲಿ ಅಡ್ರಿನಲಿನ್ ಹೊಳೆ ಹರಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಅವುಗಳ ಎದುರು ಹೃದಯ ದುಡಿದು ಸೋಲುತ್ತದೆ. ನಮ್ಮ ಸಾಸೂನ್ ಆಸ್ಪತ್ರೆಗೆ ಸೇರಿದ ಬಿ.ಜೆ. ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಓದಿ ಅವರು ಮತ್ತೆ ಆ ಹಳ್ಳಿಗಾಡಿಗೇ ಹಿಂದಿರುಗಿದರು. 1982ರಲ್ಲಿ ಆ ಲಕ್ಷಣಗಳ ಬಗೆಗಿನ ಅವರ ಬರಹ ‘ಲ್ಯಾನ್ಸೆಟ್’ನಲ್ಲಿ ಬಂತು.

ಮದ್ದು ಸಿಕ್ಕಿದ್ದು ಬಿ.ಪಿ.ಗೆ ಕೊಡುವ ಅಗ್ಗದ ಗುಳಿಗೆಯಲ್ಲಿ. ಅದರ ಹೆಸರು ಪ್ರಾಜೊಸಿನ್. ಬಿಗಿದ ನಾಳಗಳನ್ನು ಅದು ಸಡಿಲಿಸುತ್ತದೆ. ಬಾವಸ್ಕರ್ ಮತ್ತು ಅವರ ಪತ್ನಿ ಡಾ. ಪ್ರಮೋದಿನಿ ಅದೇ ಜಿಲ್ಲೆಯ ಮಹಾಡದಲ್ಲಿ ಇದನ್ನೇ ಕೊಡುತ್ತ ಹೋದರು; ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಅವರು 70 ರೋಗಿಗಳ ಹೋಲಿಕೆ ಪ್ರಕಟಿಸಿದರು. ಗುಳಿಗೆಯ ಜೊತೆ ಚೇಳಿನ ಪ್ರತಿವಿಷವನ್ನೂ ಪಡೆದವರಲ್ಲಿ ನೂರಕ್ಕೆ 91 ಮಂದಿ ಹತ್ತು ತಾಸಿನಲ್ಲಿ ಚೇತರಿಸಿಕೊಂಡಿದ್ದರು, ಬರೀ ಗುಳಿಗೆ ಪಡೆದವರಲ್ಲಿ ನೂರಕ್ಕೆ 23 ಮಂದಿ. 2022ರಲ್ಲಿ ಹಿಮ್ಮತರಾವ್ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಪ್ರಯೋಗಾಲಯವಿಲ್ಲದ ತಾಲೂಕಿನ ಊರಿನಿಂದ ಜಗತ್ತಿಗೆ ಹೋದ ಇಂಥ ವಿದ್ಯೆ ನಮ್ಮ ಶಾಲೆಯ ಪಾಠದಲ್ಲಿ ಇರಬೇಕಿತ್ತೆಂದು ನನಗೆ ಅನಿಸುತ್ತದೆ.

“ಹಂಗಾದ್ರ ಆ ಗುಳಿಗಿ ಮನ್ಯಾಗ ತಂದಿಡೂಣಲ್ರಿ?” ವೈನಿ ಕೇಳಿದರು. ಇಲ್ಲ, ಅದನ್ನು ಕೊಡುವ ಪ್ರಮಾಣ ತೂಕದ ಮೇಲೆ, ವೈದ್ಯರ ಕಣ್ಣೆದುರು. ಗುಳಿಗೆ ನುಂಗಿದ ಮಗುವನ್ನು ಎತ್ತಿ ನಿಲ್ಲಿಸಿದರೆ ಒತ್ತಡ ತಟ್ಟನೆ ಕುಸಿಯುತ್ತದೆ, ಮಲಗಿಸಿಯೇ ಇಡಬೇಕು. ನಾವು ಮಾಡಬೇಕಾದದ್ದು ಹೊತ್ತು ಕಳೆಯದಿರುವುದು. ಕಡಿದ ಜಾಗ ಕೊಯ್ಯಬಾರದು, ಹಗ್ಗದಿಂದ ಬಿಗಿಯಬಾರದು. ಕೈಕಾಲು ತಣ್ಣಗಾಗಿವೆಯೇ, ಬೆವರು, ವಾಂತಿ ಇದೆಯೇ ಎಂದು ನೋಡುತ್ತಲೇ 108ಕ್ಕೆ ಫೋನ್ ಮಾಡಬೇಕು. ಗಂಡುಮಗುವಿನ ಆ ಲಕ್ಷಣವನ್ನು ತಾಯಿ ನಾಚದೆ ಡಾಕ್ಟರಿಗೆ ಹೇಳಬೇಕು. ವಿಷ ಏರಿದೆ ಎನ್ನಲು ಅದು ಮೊದಮೊದಲಿನ ಗುರುತುಗಳಲ್ಲಿ ಒಂದು.

ಚೇಳು ರಾತ್ರಿ ಸಂಚಾರಿ. ಹಗಲು ಇಟ್ಟಿಗೆ ರಾಶಿ, ಕಲ್ಲುಸಂದು, ಕಟ್ಟಿಗೆ, ಬಿಟ್ಟ ಚಪ್ಪಲಿಯೊಳಗೆ ಅಡಗಿರುತ್ತದೆ. ನೋಟು ಪರೀಕ್ಷಿಸುವ ನೀಲಿ ಟಾರ್ಚಿನ ನೇರಳಾತೀತ ಬೆಳಕಿಗೆ ಅದರ ಮೈ ಹಸಿರುನೀಲಿಯಾಗಿ ಹೊಳೆಯುತ್ತದೆ. ಪಕ್ಕಾ ಮನೆಯಲ್ಲಿ, ಮಂಚದ ಮೇಲೆ ಮಲಗುವ ನಮಗೆ ಅದರ ಭಯ ಕಡಿಮೆ. ಭಯವಿರುವುದು ಸ್ವಾರಗೇಟದಲ್ಲಿ ಇಳಿದು ನೇರವಾಗಿ ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಸಂಸಾರಗಳಿಗೆ. ಇಟ್ಟಿಗೆ ಹೊರುವುದು ಅವರೇ, ತಗಡಿನ ಶೆಡ್ಡಿನಲ್ಲಿ ನೆಲದ ಮೇಲೆ ಮಗುವನ್ನು ಮಲಗಿಸುವುದೂ ಅವರೇ. ಭಾಷೆ ಬಾರದ ಊರಿನಲ್ಲಿ ನಡುರಾತ್ರಿ ಮಗು ಚೀರಿದರೆ ಎಲ್ಲಿಗೆ ಓಡಬೇಕೆಂದು ಅವರಿಗೆ ತಿಳಿದಿರುವುದಿಲ್ಲ.

ನಿಮ್ಮ ಓಣಿಯಲ್ಲಿ ಕಟ್ಟಡ ಏಳುತ್ತಿದ್ದರೆ ಒಂದು ಸಂಜೆ ಆ ಶೆಡ್ಡಿನ ಕಡೆ ಹೋಗಿ ಬನ್ನಿ. ಕನ್ನಡದಲ್ಲೇ ಮಾತಾಡಿಸಿ. ಹತ್ತಿರದ ಸರಕಾರಿ ಆಸ್ಪತ್ರೆ ಯಾವುದು, ದಾರಿ ಯಾವುದು ಎಂದು ಹೇಳಿ, ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ. ಮಕ್ಕಳಿಗೆ ಮಲಗಲು ಒಂದು ಹಳೆಯ ಮಂಚ ಕೊಡಲು ಸಾಧ್ಯವಾದರೆ ಅದನ್ನೂ ಕೊಡಿ.