ಡೀಸೆಲ್ ಭಾವ

ಛತ್ರದೊಳಗೆ ಗಟ್ಟಿಮೇಳ ಮೊಳಗುತ್ತಿರುವಾಗ ಹೊರಗೆ ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ ಎತ್ತಿ, ಸುತ್ತ ನಾಲ್ಕು ಹುಡುಗರನ್ನು ನಿಲ್ಲಿಸಿಕೊಂಡು, ‘ಕೇಳ್ರೋ, ಕಿವಿಗೊಟ್ಟು ಕೇಳ್ರೋ’ ಎನ್ನುತ್ತಿರುವವರನ್ನು ಕಂಡರೆ ಗುರುತು ಹಿಡಿಯಿರಿ, ಅವರೇ ಡೀಸೆಲ್ ಭಾವ. ಸಂಬಂಧದಲ್ಲಿ ಅವರು ಯಾರಿಗೆ ಭಾವ ಎಂಬುದು ಮುಖ್ಯವಲ್ಲ. ಕಾರು ಕೊಳ್ಳುವ ಮಾತು ಬಂದರೆ ಅವರು ಊರಿಗೆಲ್ಲ ಭಾವ.

‘ಏನು ಕೇಳಬೇಕು ಭಾವ?’

‘ಇಂಜಿನ್ನು ಕಣ್ರೋ! ಗಡಗಡ ಅಂತಿಲ್ವಾ? ಅದು ಜೀವ ಇರೋದರ ಲಕ್ಷಣ. ನಿಮ್ಮ ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗಿದೆಯೋ ಇಲ್ಲವೋ ಅಂತ ಡ್ಯಾಶ್‌ಬೋರ್ಡ್ ನೋಡಿ ತಿಳ್ಕೋಬೇಕು.’

ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದ್ದರಿಂದ ಹೊರಟ ಹೊಗೆ ರೇಷ್ಮೆ ಸೀರೆಯ ಬೀಗಿತ್ತಿಯರನ್ನು ಸುತ್ತಿಕೊಂಡಿರುತ್ತದೆ. ಭಾವ ಅದನ್ನು ನೋಡುವುದಿಲ್ಲ. ಅವರು ಯಾವತ್ತೂ ಗಾಡಿಯ ಮುಂದೆಯೇ ನಿಲ್ಲುವುದು.

ಭಾವನ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ. ಟಾರ್ಕ್ ಗೊತ್ತಿರುವವರು, ಗೊತ್ತಿಲ್ಲದವರು. ಗೊತ್ತಿಲ್ಲದವರಿಗೆ ಶಿರಾಡಿ ಘಾಟಿಯ ಕತೆ ಕಡ್ಡಾಯ. ‘ಎಸಿ ಆನ್, ಐದು ಜನ, ಡಿಕ್ಕಿ ತುಂಬ ಲಗೇಜು. ಮೂರನೇ ಗೇರಲ್ಲೇ ಹತ್ತಿಸಿಬಿಟ್ಟೆ!’ ಇದು ನಿಶ್ಚಿತಾರ್ಥದಲ್ಲಿ ಹೇಳಿದ ಪಾಠ. ನಾಮಕರಣದ ಹೊತ್ತಿಗೆ ಜನ ಆರಾಗಿದ್ದರು, ಡಿಕ್ಕಿಯಲ್ಲಿ ಅಕ್ಕಿಮೂಟೆ ಸೇರಿತ್ತು. ಗೃಹಪ್ರವೇಶಕ್ಕೆ ಬರುವಷ್ಟರಲ್ಲಿ ಗೇರು ನಾಲ್ಕನೆಯದಾಗಿ, ಸುಬ್ರಹ್ಮಣ್ಯದಿಂದ ತಂದ ಎರಡು ಹಲಸಿನಹಣ್ಣೂ ಹತ್ತಿ ಕೂತಿದ್ದವು. ಕಾರು ಮಾತ್ರ ಒಮ್ಮೆಯೂ ಏದುಸಿರು ಬಿಡಲಿಲ್ಲ.

ಭಾವನ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿಗೇ ಇಂಧನ ಹೊತ್ತಿಕೊಳ್ಳುವಂತೆ ಮಾಡಿದವರು ಜರ್ಮನಿಯ ರುಡಾಲ್ಫ್ ಡೀಸೆಲ್. ಅದರಿಂದಾಗಿ ಇಂಧನ ಕಡಿಮೆ ಸಾಕು, ಕಡಿಮೆ ವೇಗದಲ್ಲೇ ಎಳೆತ, ಅಂದರೆ ಭಾವನ ಟಾರ್ಕ್, ಹೆಚ್ಚು. ಲಾರಿಗೆ, ಬಸ್ಸಿಗೆ, ಘಾಟಿಗೆ ಇದಕ್ಕಿಂತ ಬೇರೇನು ಬೇಕು? ಆದರೆ ಭಾವನ ಮನೆ ಬೆಂಗಳೂರಿನ ಬನಶಂಕರಿಯಲ್ಲಿ, ಆಫೀಸು ಸಿಲ್ಕ್ ಬೋರ್ಡ್ ಹತ್ತಿರ. ಅವರು ದಿನವೂ ಏರುವ ಘಾಟಿ ಎಂದರೆ ದಾರಿಯಲ್ಲಿನ ಮೇಲ್ಸೇತುವೆ. ಅದನ್ನು ಟ್ರಾಫಿಕ್ಕು ಮೊದಲನೇ ಗೇರಿನಲ್ಲೇ ಹತ್ತಿಸುತ್ತದೆ.

ಭಾವನ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇದೆ. 2012ರಲ್ಲಿ ಗಾಡಿ ಬಂದ ದಿನದಿಂದ ಹಾಕಿಸಿದ ಪ್ರತಿ ಲೀಟರಿನ ಲೆಕ್ಕ ಅದರಲ್ಲಿದೆ: ದಿನಾಂಕ, ಲೀಟರು, ಕಿಲೋಮೀಟರು, ಟ್ಯಾಂಕ್-ಟು-ಟ್ಯಾಂಕ್ ಮೈಲೇಜು. ಬಂಕಿನ ಹುಡುಗ ಪಂಪು ನಿಲ್ಲಿಸಿದ ಮೇಲೂ ಭಾವ ಕಾರನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿ, ಗಾಳಿಗುಳ್ಳೆ ಇಳಿಸಿ, ‘ಇನ್ನೊಂದು ಅರ್ಧ ಲೀಟರ್ ಹಿಡಿಯುತ್ತೆ’ ಎನ್ನುತ್ತಾರೆ. ಹಿಂದಿನ ಸಾಲಿನವರು ಹಾರನ್ ಬಡಿಯುತ್ತಾರೆ. ಲೆಕ್ಕದಲ್ಲಿ ಭಾವ ಯಾರಿಗೂ ರಿಯಾಯಿತಿ ಕೊಡುವವರಲ್ಲ.

ಆ ನೋಟ್‌ಬುಕ್ಕಿನ ಮೊದಲ ಪುಟಗಳು ನಿಜಕ್ಕೂ ಸುವರ್ಣಯುಗದವು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟು ಡೀಸೆಲನ್ನು ಮಡಿಲಲ್ಲೇ ಇಟ್ಟುಕೊಂಡಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ದೇಶವೆಲ್ಲ ಡೀಸೆಲ್ ಕಾರಿಗೆ ಮುಗಿಬಿತ್ತು. 2012-13ರಲ್ಲಿ ಮಾರಾಟವಾದ ಪ್ರತಿ 100 ಕಾರುಗಳಲ್ಲಿ ಸುಮಾರು 58 ಡೀಸೆಲ್ಲಿನವು. ಫಿಯೆಟ್‌ನವರ 1.3 ಲೀಟರಿನ ಒಂದೇ ಇಂಜಿನ್ನು ಮಾರುತಿ ಸ್ವಿಫ್ಟಿನಲ್ಲೂ ಟಾಟಾ ವಿಸ್ಟಾದಲ್ಲೂ ಫಿಯೆಟ್ ಪುಂಟೋದಲ್ಲೂ ಕೂತು, ‘ರಾಷ್ಟ್ರೀಯ ಇಂಜಿನ್’ ಎಂಬ ಬಿರುದು ಪಡೆಯಿತು. ತಿಂಗಳುಗಟ್ಟಲೆ ಕಾದು ಗಾಡಿ ತಂದ ಭಾವ ಅಂದಿನಿಂದ ಅರ್ಥಶಾಸ್ತ್ರಜ್ಞರಾದರು.

‘ಬುದ್ಧಿ ಉಪಯೋಗಿಸಬೇಕು ಕಣಯ್ಯ’ ಎಂದು ಅವರು ಹಣೆ ತಟ್ಟಿಕೊಂಡು ಹೇಳುವುದನ್ನು ಕೇಳಿದವರಿಗೆ, ಆ ಮೂವತ್ತು ರೂಪಾಯಿ ಅಂತರವನ್ನು ಭಾವನೇ ಕಂಡುಹಿಡಿದರೇನೋ ಎನಿಸಬೇಕು. ಅಗ್ಗದ ಡೀಸೆಲ್ ಇದ್ದದ್ದು ರೈತರ ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ, ತರಕಾರಿ ಹೊತ್ತ ಲಾರಿಗೆ, ಹಳ್ಳಿಯ ಕೆಂಪು ಬಸ್ಸಿಗೆ. ಆ ಸಾಲಿನಲ್ಲಿ ಭಾವನೂ ನಿಂತಿದ್ದರು. ಅವರ ಒಕ್ಕಲುತನ ಎಂದರೆ ಮಹಡಿಯ ಮೇಲಿನ ಒಂದು ಕರಿಬೇವಿನ ಕುಂಡ. ಅದಕ್ಕೂ ನೀರು ಹಾಕುವವರು ಅಕ್ಕ.

ಸುವರ್ಣಯುಗ ಹೋದದ್ದು ಐವತ್ತು ಐವತ್ತು ಪೈಸೆಯಾಗಿ. 2013ರ ಜನವರಿಯಿಂದ ತಿಂಗಳು ತಿಂಗಳು ಡೀಸೆಲ್ ಬೆಲೆ ಅಷ್ಟಷ್ಟೇ ಏರತೊಡಗಿತು. 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. ಸಬ್ಸಿಡಿ ಹಿಂದೆಗೆದ ಕೂಡಲೇ ದೇಶದ ಡೀಸೆಲ್ ಪ್ರೇಮವೂ ತಣ್ಣಗಾಯಿತು. ಇಂಜಿನ್ನು ಅದೇ, ಟಾರ್ಕೂ ಅದೇ, ಶಿರಾಡಿ ಘಾಟಿಯೂ ಅಲ್ಲೇ ಇತ್ತು! ಆದರೂ ಡೀಸೆಲ್ ಕಾರುಗಳ ಪಾಲು ವರ್ಷ ವರ್ಷ ಕೆಳಗಿಳಿಯಿತು.

ಭಾವ ಇದನ್ನು ಒಪ್ಪುವುದಿಲ್ಲ. ‘ಇದೆಲ್ಲ ಪೆಟ್ರೋಲ್ ಲಾಬಿ’ ಎನ್ನುತ್ತಾರೆ. ಎರಡನ್ನೂ ಮಾರುವುದು ಅದೇ ಬಂಕು, ಅದೇ ಹುಡುಗ ಎಂದರೆ, ‘ನಿನಗೆ ಒಳಗಿನದು ಗೊತ್ತಿಲ್ಲ’ ಎಂಬ ಉತ್ತರ.

ಹೊಗೆಯ ವಿಷಯವೆತ್ತಿದರೂ ಹೀಗೆಯೇ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಘೋಷಿಸಿದ್ದು 2012ರ ಜೂನ್‌ನಲ್ಲಿ, ಸರಿಯಾಗಿ ಭಾವ ಗಾಡಿ ಬುಕ್ ಮಾಡಿ ಕಾಯುತ್ತಿದ್ದ ಕಾಲಕ್ಕೆ. ‘ನಮ್ಮಜ್ಜಿ ಸೌದೆ ಒಲೆ ಊದಿ ತೊಂಬತ್ತು ವರ್ಷ ಬದುಕಿದ್ರು’ ಎಂದು ಭಾವ ಆ ಸುದ್ದಿಯಿದ್ದ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. 2015ರಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಬಯಲಾಯಿತು. ಪರೀಕ್ಷೆ ನಡೆಯುತ್ತಿದೆ ಎಂದು ತಿಳಿದಾಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಟ್ಟು, ರಸ್ತೆಗಿಳಿದ ಮೇಲೆ ಬಿಟ್ಟುಬಿಡುವ ಸಾಫ್ಟ್‌ವೇರು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿತ್ತು. ಭಾವ ಕದಲಲಿಲ್ಲ. ‘ಪರೀಕ್ಷೆ ಹಿಂದಿನ ರಾತ್ರಿ ಮಾತ್ರ ಓದೋದು ನಾವ್ಯಾರೂ ಮಾಡಿಲ್ವೇ?’

ಇಂಗಾಲದ ಡೈಆಕ್ಸೈಡಿನ ಮಾತು ಬಂದರೆ ಮಾತ್ರ ಭಾವ ಎದೆ ಸೆಟೆಸುತ್ತಾರೆ. ಸೆಟೆಸಲು ಹಕ್ಕೂ ಇದೆ. ಅಷ್ಟೇ ದೂರಕ್ಕೆ ಡೀಸೆಲ್ ಕಾರು ಉಗುಳುವ ಇಂಗಾಲದ ಡೈಆಕ್ಸೈಡ್ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಸಾಮಾನ್ಯವಾಗಿ ಕಡಿಮೆ. ಯುರೋಪಿನ ಸರ್ಕಾರಗಳು ವರ್ಷಗಟ್ಟಲೆ ಡೀಸೆಲನ್ನು ಮುದ್ದಿಸಿದ್ದೂ ಇದೇ ಕಾರಣಕ್ಕೆ. ಆದರೆ ಆ ಲೆಕ್ಕ ಭೂಗೋಳದ್ದು. ಸಾರಜನಕದ ಆಕ್ಸೈಡು ಮತ್ತು ಮಸಿಯ ಲೆಕ್ಕ ಬೀದಿಯದ್ದು. ಪುಪ್ಪುಸಕ್ಕೆ ಇಳಿಯುವುದು ಈ ಎರಡನೆಯದು. ಭಾವ ಭೂಗೋಳವನ್ನು ಕಾಪಾಡುತ್ತಾರೆ, ಪಕ್ಕದ ಮನೆಯವರು ಕೆಮ್ಮುತ್ತಾರೆ.

ಅರಸೀಕೆರೆಯ ಅತ್ತೆಮನೆಯಲ್ಲಿ ಭಾವ ಕಾರನ್ನು ರಿವರ್ಸ್ ಹಾಕಿ ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಎದ್ದು ಕಾಫಿ ಮುಗಿಯುವ ತನಕ ಇಂಜಿನ್ ‘ವಾರ್ಮ್’ ಆಗಬೇಕು. ಪ್ರತಿ ಯುಗಾದಿಗೆ ಸುಣ್ಣ ಕಾಣುವ ಆ ಗೋಡೆಯಲ್ಲಿ ದೀಪಾವಳಿಯ ಹೊತ್ತಿಗೆ ಅಖಂಡ ಕರ್ನಾಟಕದ ಕಪ್ಪು ನಕ್ಷೆ ಮೂಡಿರುತ್ತದೆ. ನೋಟ್‌ಬುಕ್ಕಿನಲ್ಲಿ ಟ್ಯಾಂಕಿಗೆ ಹೋದದ್ದಕ್ಕೆ ನಾಲ್ಕು ಕಾಲಂ ಇವೆ. ಸೈಲೆನ್ಸರಿನಿಂದ ಬಂದದ್ದಕ್ಕೆ ಒಂದೂ ಇಲ್ಲ. ಆ ಲೆಕ್ಕವನ್ನು ಅತ್ತೆಯ ಗೋಡೆಯೇ ಬರೆದಿಟ್ಟುಕೊಂಡಿದೆ.

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಬಿಎಸ್-6 ನಿಯಮ ಬಂತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಇದಕ್ಕೆ ಫಿಲ್ಟರು ಬೇಕು, ಫಿಲ್ಟರಿಗೆ ದುಡ್ಡು ಬೇಕು. ಚಿಕ್ಕ ಕಾರುಗಳಿಗೆ ಆ ಖರ್ಚು ಗಿಟ್ಟದೆಂದು ಮಾರುತಿ ಕಂಪನಿ ಡೀಸೆಲ್ಲಿಗೇ ಕೈಮುಗಿಯಿತು. ಭಾವನ ಮನೆಯಲ್ಲಿ ಅಂದು ಸೂತಕ.

ಆದರೂ ಛಲ ಬಿಡದೆ ಸೋದರಳಿಯನಿಗೆ ಬಿಎಸ್-6 ಡೀಸೆಲ್ ಎಸ್‌ಯುವಿ ಕೊಡಿಸಿದರು. ಹುಡುಗನ ಆಫೀಸು ಮನೆಯಿಂದ ಕೂಗಳತೆ ದೂರ. ಕೆಲವೇ ವಾರಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿತು. ಹಿಡಿದಿಟ್ಟ ಮಸಿಯನ್ನು ಸುಟ್ಟು ಬೂದಿ ಮಾಡಲು ಫಿಲ್ಟರಿಗೆ ಭಾರೀ ಕಾವು ಬೇಕು. ಆ ಕಾವು ಬರಲು ಗಾಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಬೇಕು. ಬೆಂಗಳೂರಿನಲ್ಲಿ ಒಂದೇ ಸಮನೆ ಓಡುವುದು ಪಾರ್ಕಿಂಗ್ ಮೀಟರು ಮಾತ್ರ. ಹೀಗಾಗಿ ಈಗ ಭಾನುವಾರ ಬೆಳಿಗ್ಗೆ ಭಾವ, ಅಳಿಯ ಇಬ್ಬರೂ ತುಮಕೂರು ರಸ್ತೆ ಹಿಡಿದು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಾರೆ. ಡೀಸೆಲ್ ಸುಟ್ಟ ಮಸಿಯನ್ನು ಸುಡಲು ಇನ್ನಷ್ಟು ಡೀಸೆಲ್ ಸುಡುತ್ತಾರೆ. ನೋಟ್‌ಬುಕ್ಕಿನಲ್ಲಿ ಇದು ‘ಹೈವೇ ಮೈಲೇಜು: ಬೊಂಬಾಟ್’ ಎಂದು ದಾಖಲಾಗುತ್ತದೆ. ಇಡ್ಲಿಯ ಖರ್ಚು ಅಳಿಯನದು.

ಒಮ್ಮೆ ಆ ಅಳಿಯನೇ ಕಾಗದ ಪೆನ್ನು ಹಿಡಿದು ಕೂತ. ಡೀಸೆಲ್ ಮಾಡೆಲ್ಲಿಗೆ ಹೆಚ್ಚಿಗೆ ತೆತ್ತದ್ದು ಒಂದೂಕಾಲು ಲಕ್ಷವೆಂದು ಇಟ್ಟುಕೊಳ್ಳೋಣ. ಉಳಿತಾಯ ಕಿಲೋಮೀಟರಿಗೆ 2 ರೂಪಾಯಿ. ಹಾಕಿದ ಹಣ ವಾಪಸಾಗಲು 62,500 ಕಿಲೋಮೀಟರು ಓಡಬೇಕು. ತಿಂಗಳಿಗೆ 500 ಕಿಲೋಮೀಟರಿನಂತೆ ಹತ್ತು ವರ್ಷ ಐದು ತಿಂಗಳು. ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ದೆಹಲಿಯ ರಸ್ತೆಯಲ್ಲಿ ಓಡಕೂಡದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿತ್ತು.

‘ಅಂದರೆ ಭಾವ, ದೆಹಲಿಯಲ್ಲಾಗಿದ್ದರೆ ಗಾಡಿ ಗುಜರಿಗೆ ಹೋಗಿ ಐದು ತಿಂಗಳಾದ ಮೇಲೆ ಲಾಭ ಶುರು!’

‘2025ರಲ್ಲಿ ಕೋರ್ಟೇ ಬಲವಂತದ ಕ್ರಮ ಬೇಡ ಅಂದಿದೆ, ಓದ್ಕೋ’ ಎಂದರು ಭಾವ. ಲೆಕ್ಕದ ಹಾಳೆಯನ್ನು ಮಾತ್ರ ಹಿಂದಿರುಗಿಸಲಿಲ್ಲ.

ಅದೇ 2025ರಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವುದು ದೇಶವಿಡೀ ನಡೆದು, ‘ಮೈಲೇಜು ಬಿತ್ತು’ ಎಂದು ಪೆಟ್ರೋಲ್ ಕಾರಿನವರು ಗೋಳಿಟ್ಟಾಗ ಭಾವನ ಮುಖದಲ್ಲಿ ವರ್ಷಗಳ ಮೇಲೆ ಕಳೆ ಬಂತು. ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗಿನ ಸುಪ್ರಭಾತದ ಬದಲು ಎಥೆನಾಲ್ ವಾರ್ತೆ ಹರಿಯಿತು. ‘ಕಬ್ಬಿನ ರಸ ಕುಡಿಸಿ ಗಾಡಿ ಓಡಿಸ್ತೀರಾ? ಓಡಿಸಿ, ಓಡಿಸಿ!’ ಡೀಸೆಲ್ಲಿಗೂ ಐಸೋಬ್ಯೂಟನಾಲ್ ಬೆರೆಸುವ ಪ್ರಯೋಗ ನಡೆದಿದೆ ಎಂಬ ಸುದ್ದಿಯನ್ನು ಯಾರೋ ಅದೇ ಗುಂಪಿಗೆ ಹಾಕಿದರು. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಮೊನ್ನೆ ಬಂದಿರುವ ಸುದ್ದಿಯೆಂದರೆ ಭಾವ ಡೀಸೆಲ್ ಗಾಡಿ ಮಾರಿ ಎಲೆಕ್ಟ್ರಿಕ್ ಕಾರು ತಂದಿದ್ದಾರೆ. ‘ಟಾರ್ಕ್ ಕಣಯ್ಯ, ಟಾರ್ಕ್! ಸೊನ್ನೆಯಿಂದಲೇ ಪೂರ್ತಿ ಟಾರ್ಕ್!’ ಎನ್ನುತ್ತಾರೆ. ಗಡಗಡ ಸದ್ದನ್ನು ಜೀವದ ಲಕ್ಷಣವೆಂದಿದ್ದವರು ಈಗ ಸದ್ದಿಲ್ಲದಿರುವುದೇ ಸಂಸ್ಕಾರ ಎಂದು ಹೊಸ ಪಾಠ ಶುರುಮಾಡಿದ್ದಾರೆ. ಬನಶಂಕರಿಯಲ್ಲಿ ಚಾರ್ಜಿಂಗಿಗೆ ದುಡ್ಡು ಕೊಡಬೇಕಾದ್ದರಿಂದ ಇದ್ದಕ್ಕಿದ್ದಂತೆ ಅತ್ತೆಯ ಮೇಲೆ ಅಕ್ಕರೆ ಹೆಚ್ಚಿ, ಶನಿವಾರ ಬಂತೆಂದರೆ ಅರಸೀಕೆರೆ. ವರಾಂಡದ ಪ್ಲಗ್ಗಿಗೆ ವೈರು ಚುಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ 30 ಯೂನಿಟ್ ಒಳಗೆ. ಅತ್ತೆಮನೆಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಇದೆ, ಬಿಲ್ಲು ಸೊನ್ನೆ. ಪಂಪ್‌ಸೆಟ್ಟಿನವರ ಸಾಲಿನಿಂದ ಹೊರಬಿದ್ದ ಭಾವ ಮಿಕ್ಸಿ, ಫ್ಯಾನಿನವರ ಸಾಲಿಗೆ ಬಂದು ನಿಂತಿದ್ದರು. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗೆ ಬರೆದರು: ‘ಕಿಲೋಮೀಟರಿಗೆ ಖರ್ಚು: 0’.

ಅತ್ತೆಯ ಬಳಕೆ 90 ಯೂನಿಟ್, ನಾಲ್ಕು ಶನಿವಾರದಲ್ಲಿ ಭಾವನ ಕಾರಿನದು 120. ಒಟ್ಟು 210. ಗೃಹಜ್ಯೋತಿಯಲ್ಲಿ 200 ದಾಟಿದರೆ ಬಿಲ್ಲು ಪೂರ್ತಿ ಕಟ್ಟಬೇಕು. ಐದನೆಯ ಶನಿವಾರ ಭಾವ ವೈರು ಹಿಡಿದು ಇಳಿಯುವಾಗ ಅತ್ತೆ ಬಿಲ್ಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

‘ಅಳಿಯಂದ್ರೇ, ಆ ಡೀಸೆಲ್ ಗಾಡಿನೇ ವಾಸಿಯಾಗಿತ್ತು. ಅದಕ್ಕೆ ವರ್ಷಕ್ಕೆ ಒಂದು ಡಬ್ಬ ಸುಣ್ಣದಲ್ಲಿ ಮುಗಿದುಹೋಗ್ತಿತ್ತು!’