ಕರಡಿ ಪೆಟ್ಟಿಗೆಯೂ ರಾಹುಕಾಲವೂ

ಕಾಡು ನೋಡಲು ಹೊರಟವರು ಇಷ್ಟೊಂದು ಗಡಿಯಾರ ನೋಡಬೇಕಾಗುತ್ತದೆ ಎಂದು ಅಮೆರಿಕಕ್ಕೆ ಬರುವವರೆಗೂ ನನಗೆ ತಿಳಿದಿರಲಿಲ್ಲ. ನಮ್ಮ ಕಾಲದಲ್ಲಿ ಪ್ರವಾಸವೆಂದರೆ ಹಿಂದಿನ ರಾತ್ರಿ ಪುಳಿಯೋಗರೆ ಕಲಸಿಡುವುದು, ಬೆಳಗಾಗೆದ್ದು ಬಸ್ ಸ್ಟ್ಯಾಂಡಿಗೆ ಹೋಗುವುದು, ಕಿಟಕಿ ಪಕ್ಕ ಜಾಗ ಸಿಕ್ಕ ಬಸ್ಸು ಯಾವ ಊರಿಗೆ ಹೋಗುತ್ತದೋ ಆ ಊರು ನೋಡಿ ಬರುವುದು. ಉಳಿಯಲು ಯಾರಾದರೂ ನೆಂಟರು ಇದ್ದೇ ಇರುತ್ತಿದ್ದರು. ಇಲ್ಲದಿದ್ದರೆ ಛತ್ರ. ಅದೂ ಇಲ್ಲದಿದ್ದರೆ ಕೊನೇ ಬಸ್ಸಿಗೆ ವಾಪಸ್ಸು. ಜೂನ್ ತಿಂಗಳ ಪ್ರವಾಸಕ್ಕೆ ಜನವರಿಯಲ್ಲಿ ಅಲಾರಂ ಇಟ್ಟು ಏಳುವವರು ನಮ್ಮ ಕಡೆ ಯಾರಾದರೂ ಇದ್ದಿದ್ದರೆ ಅವರನ್ನೇ ಜನ ಹೋಗಿ ನೋಡಿಕೊಂಡು ಬರುತ್ತಿದ್ದರು.

ಇಲ್ಲಿ, ಕ್ಯಾಲಿಫೋರ್ನಿಯಾದ ಮಗಳ ಮನೆಯಲ್ಲಿ, ಹಾಗೆ ಏಳಬೇಕಾಯಿತು. ಯೊಸೆಮಿಟಿ ಎಂಬ ರಾಷ್ಟ್ರೀಯ ಉದ್ಯಾನದೊಳಗೆ ಡೇರೆ ಹಾಕಲು ಜಾಗ ಬೇಕೆಂದರೆ ಐದು ತಿಂಗಳು ಮೊದಲೇ, ತಿಂಗಳ 15ನೇ ತಾರೀಖು ಬೆಳಗ್ಗೆ 7 ಗಂಟೆಗೆ ಸರಿಯಾಗಿ ಕಂಪ್ಯೂಟರಿನ ಮುಂದೆ ಕುಳಿತಿರಬೇಕಂತೆ. ನಾನೂ ನನ್ನಾಕೆಯೂ ಊರಿಂದ ಬಂದಿಳಿದು ಹೆಚ್ಚು ದಿನ ಆಗಿರಲಿಲ್ಲ. ಹಗಲು ರಾತ್ರಿ ಇನ್ನೂ ಅದಲುಬದಲಾಗಿದ್ದರಿಂದ ನಾನು ಎರಡು ಗಂಟೆಗೇ ಎದ್ದು ಕೂತಿದ್ದೆ. ಆ ದಿನ ಸಂಕ್ರಾಂತಿ ಬೇರೆ. ಮಗಳು ಒಂದು ಕಂಪ್ಯೂಟರು, ಅಳಿಯ ಒಂದು, ನನ್ನ ಮುಂದೆ ಮೊಮ್ಮಗನ ಶಾಲೆಯ ಪುಟ್ಟ ಕಂಪ್ಯೂಟರು. ನನ್ನಾಕೆ ಎಳ್ಳುಬೆಲ್ಲದ ಬಟ್ಟಲು ಹಿಡಿದು ಹಿಂದೆ ನಿಂತಿದ್ದಳು. ಏಳು ಹೊಡೆಯಿತು. ಮೂವರೂ ಒತ್ತಿದೆವು. ಪರದೆಯ ಮೇಲಿದ್ದ ಜಾಗಗಳೆಲ್ಲ ಛತ್ರದ ಮೊದಲನೇ ಪಂಕ್ತಿಯಂತೆ, ಎಲೆ ಹಾಕುವ ಮುಂಚೆಯೇ ಯಾರದೋ ಕರವಸ್ತ್ರ ಬಿದ್ದು ತುಂಬಿಹೋಗಿದ್ದವು. ‘ಎಳ್ಳು ತಿಂದು ಒಳ್ಳೆ ಮಾತಾಡಿ’ ಎಂದು ನನ್ನಾಕೆ ಬಟ್ಟಲು ಮುಂದೆ ಹಿಡಿದಾಗ ಅಳಿಯಂದಿರ ಬಾಯಲ್ಲಿ ಒಳ್ಳೆಯ ಮಾತು ಇದ್ದಂತೆ ಕಾಣಲಿಲ್ಲ. ಎಳ್ಳು ಮಾತ್ರ ತಿಂದರು.

ಕೆಲವು ವಾರಗಳ ನಂತರ ಯಾರೋ ಪುಣ್ಯಾತ್ಮರು ಬೇಡವೆಂದು ಬಿಟ್ಟ ಒಂದು ರಾತ್ರಿಯ ಜಾಗವನ್ನು ಮಗಳು ಹೇಗೋ ಹಿಡಿದಳು. ಅಲ್ಲಿಂದ ಶುರುವಾಯಿತು ನಿಜವಾದ ಯೋಜನೆ. ನನ್ನ ಅಳಿಯ ಬಹಳ ಒಳ್ಳೆಯವರು. ಸಿಟ್ಟಿಲ್ಲ, ಸೆಡವಿಲ್ಲ. ಆದರೆ ಎಕ್ಸೆಲ್ ಗೊತ್ತು. ಬೆಳಗ್ಗೆ ಎಷ್ಟಕ್ಕೆ ಏಳುವುದು, ಎಷ್ಟು ದೂರ, ಪೆಟ್ರೋಲ್ ಎಲ್ಲಿ, ಶೌಚ ಎಲ್ಲಿ ಎಂಬುದಕ್ಕೆಲ್ಲ ಒಂದೊಂದು ಕಾಲಂ, ಪ್ರತಿ ಕಾಲಮ್ಮಿಗೂ ಒಂದು ಬಣ್ಣ. ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದ ನನಗೆ ಆ ಶಿಸ್ತು ಕಂಡು ಸಂತೋಷವೇ ಆಯಿತು. ನನ್ನ ಹೆಸರಿನ ಮುಂದೆ ಶೌಚದ ಕಾಲಂ ಉಳಿದವರಿಗಿಂತ ಉದ್ದವಾಗಿರುವುದನ್ನು ನೋಡುವವರೆಗೆ.

ಯೊಸೆಮಿಟಿಯ ಜೊತೆಗೆ ಇನ್ನೆಲ್ಲಿಗೆ ಎಂಬ ಚರ್ಚೆಯಲ್ಲಿ ನಾನು ಯೆಲ್ಲೋಸ್ಟೋನ್ ಪಕ್ಷ. 1872ರಲ್ಲಿ ಆದದ್ದು, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಎಂದು ಹೆಸರು ಪಡೆದದ್ದು. ನೆಲದೊಳಗಿಂದ ಬಿಸಿನೀರು ಚಿಮ್ಮುವ ಓಲ್ಡ್ ಫೇತ್‌ಫುಲ್ ಇರುವುದು ಅಲ್ಲೇ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಚಿಮ್ಮುತ್ತದೆ. ಮುಂದಿನ ಸಲ ಯಾವಾಗ ಎಂಬುದನ್ನು ಹತ್ತು ನಿಮಿಷ ಹೆಚ್ಚುಕಡಿಮೆ ಇಟ್ಟು ಬೋರ್ಡಿನ ಮೇಲೆ ಹಾಕಿರುತ್ತಾರೆ. ಹತ್ತು ನಿಮಿಷ! ಈ ಮಾತು ಕೊಡಬಲ್ಲ ಬಸ್ಸನ್ನು ನಾನು ಜೀವಮಾನದಲ್ಲಿ ಹತ್ತಿಲ್ಲ. ಭೂಪಟದ ಮೇಲೆ ಅಂಗೈ ಇಟ್ಟು ‘ಇಷ್ಟೇ ತಾನೆ, ಒಂದು ಗೇಣೂ ಇಲ್ಲ’ ಎಂದೆ. ‘ಮಾವ, ಅದು 1500 ಕಿಲೋಮೀಟರಿಗೂ ಮೇಲೆ, ಒಂದು ಕಡೆಗೆ’ ಎಂದರು ಅಳಿಯ, ಮೆಲ್ಲಗೆ.

ಆ ಕಡೆಯ ಭೂಪಟದ ಗುಣವೇ ಹಾಗೆ. ಯೆಲ್ಲೋಸ್ಟೋನಿನ ಬಹುಭಾಗ ಇರುವ ವಯೋಮಿಂಗ್ ರಾಜ್ಯ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನ 6 ಲಕ್ಷವೂ ಇಲ್ಲ, ಮೈಸೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ನಡುವೆ ಸಿಗುವ ನೆವಾಡಾದಲ್ಲಿ 50ನೇ ನಂಬರಿನ ಹೆದ್ದಾರಿಯಿದೆ. 1986ರಲ್ಲಿ ಲೈಫ್ ಪತ್ರಿಕೆ ಅದನ್ನು ಅಮೆರಿಕದಲ್ಲೇ ಅತಿ ಒಂಟಿ ರಸ್ತೆ ಎಂದು ಕರೆಯಿತು. ಬೈಗುಳವಾಗಿ ಕರೆದದ್ದನ್ನೇ ಆ ರಾಜ್ಯದವರು ಬಿರುದಾಗಿ ಹೊತ್ತುಕೊಂಡು ಬೋರ್ಡು ಹಾಕಿಸಿಕೊಂಡರು. ನಮ್ಮಲ್ಲಿ ಮೈಸೂರಿಂದ ಮಡಿಕೇರಿಗೆ ಹೋಗುವಾಗ, ಕಾರು ನಿಲ್ಲಿಸಿ ಮರೆಯಾಗಿ ಒಂದು ನಿಮಿಷ ನಿಲ್ಲೋಣವೆಂದರೆ ಜನವಿಲ್ಲದ ಪೊದೆ ಸಿಗುವುದು ಕಷ್ಟ. ಅಲ್ಲಿ ಗಂಟೆಗಟ್ಟಲೆ ಹೋದರೂ ಜನವೂ ಇಲ್ಲ, ಪೊದೆಯೂ ಇಲ್ಲ. ಶೌಚದ ಕಾಲಮ್ಮಿನ ಮಹತ್ವ ನನಗೆ ಆಗ ಅರ್ಥವಾಯಿತು. ಯೆಲ್ಲೋಸ್ಟೋನ್ ಬಿಟ್ಟುಕೊಟ್ಟೆ. ಕಾಡೆಮ್ಮೆಯಿಂದ 23 ಮೀಟರು, ಕರಡಿಯಿಂದ 91 ಮೀಟರು ದೂರ ನಿಲ್ಲಬೇಕೆಂಬ ಅಲ್ಲಿನ ನಿಯಮವನ್ನು ಅಷ್ಟರಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ, ಅದೊಂದು ವ್ಯರ್ಥವಾಯಿತು.

ಕೊನೆಗೆ ನಿಂತ ದಾರಿ ಇದು: ಮೊದಲು ಯೊಸೆಮಿಟಿ, ಅಲ್ಲಿಂದ ಟಯೋಗಾ ಕಣಿವೆದಾರಿ ಹತ್ತಿಳಿದು ಲಾಸ್ ವೇಗಸ್, ಮುಂದೆ ಯೂಟಾದ ಜಾಯನ್, ಬ್ರೈಸ್, ಕಡೆಗೆ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್. ಕಾಗದದ ಮೇಲೆ ಬಹಳ ಸಲೀಸು. ಆದರೆ 3031 ಮೀಟರ್ ಎತ್ತರದ ಆ ಟಯೋಗಾ ದಾರಿ ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತದೆ. ಮೇ ಕೊನೆಗೋ ಜೂನಿಗೋ ತೆರೆಯುತ್ತದೆ. 2023ರಲ್ಲಿ ಜುಲೈ 22ರವರೆಗೂ ತೆರೆಯಲೇ ಇಲ್ಲ. ತಡವಾಗಿ ಹೋದರೆ ದಾರಿ ಖಂಡಿತ ಇರುತ್ತದೆ, ಆದರೆ ಯೊಸೆಮಿಟಿ ಜಲಪಾತ ಇರುವುದಿಲ್ಲ. 739 ಮೀಟರ್ ಎತ್ತರದಿಂದ ಮೂರು ಹಂತದಲ್ಲಿ ಬೀಳುವ ಆ ನೀರೆಲ್ಲ ಕರಗಿದ ಹಿಮವೇ. ಮೇ ತಿಂಗಳಲ್ಲಿ ಅಬ್ಬರ, ಆಗಸ್ಟಿನ ಹೊತ್ತಿಗೆ ಬರೀ ಒದ್ದೆ ಬಂಡೆ. ನಮ್ಮ ಜೋಗ ಮೈದುಂಬುವ ತಿಂಗಳಲ್ಲಿ ಇದು ಒಣಗಿ ಕೂರುತ್ತದೆ. ಅಂದರೆ, ಹಿಮ ದಾರಿ ಬಿಡುವಷ್ಟು ಕರಗಿರಬೇಕು, ಜಲಪಾತ ನಿಲ್ಲುವಷ್ಟು ಕರಗಿರಬಾರದು, ಮೊಮ್ಮಗನ ಶಾಲೆಗೆ ರಜ ಬಂದಿರಬೇಕು, ಅಳಿಯಂದಿರ ಆಫೀಸಿನಲ್ಲಿ ಅವರಿಗೆ ರಜ ಸಿಕ್ಕಿರಬೇಕು. ನನ್ನ ಮಗಳ ಮದುವೆಗೆ ಮುಹೂರ್ತ ಇಡಿಸಿದಾಗಲೂ ಪುರೋಹಿತರು ಇಷ್ಟೊಂದು ಗ್ರಹಗಳನ್ನು ನೋಡಿರಲಿಲ್ಲ.

ಮೊಮ್ಮಗನಿಗೆ ಮಾತ್ರ ಈ ತಾಪತ್ರಯ ಒಂದೂ ಇಲ್ಲ. ಪ್ರತಿ ಉದ್ಯಾನದಲ್ಲೂ ಮಕ್ಕಳಿಗೆ ಒಂದು ಪುಸ್ತಿಕೆ ಕೊಡುತ್ತಾರೆ. ಅದರಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದು ಕೊಟ್ಟರೆ ಅಗಲ ಅಂಚಿನ ಟೋಪಿಯ ರೇಂಜರ್ ಎದುರಿಗೆ ನಿಲ್ಲಿಸಿ, ಕೈ ಎತ್ತಿಸಿ, ಕಾಡು ಕಾಪಾಡುತ್ತೇನೆಂದು ಪ್ರತಿಜ್ಞೆ ಮಾಡಿಸಿ ‘ಕಿರಿಯ ರೇಂಜರ್’ ಬಿಲ್ಲೆ ಕೊಡುತ್ತಾರೆ. ಅವನಿಗೆ ಬಿಲ್ಲೆ ಸಿಕ್ಕಿದರೆ ಆಯಿತು, ಬೆಟ್ಟ ಕಂಡರೂ ಸರಿ, ಕಾಣದಿದ್ದರೂ ಸರಿ. ನನಗೂ ಏನಾದರೂ ಸಿಗಬಹುದೇ ಎಂದು ವಿಚಾರಿಸಿದೆ. ಅರವತ್ತೆರಡು ದಾಟಿದವರಿಗೆ ಅಗ್ಗದ ಪಾಸು ಇದೆಯಂತೆ! ಹಿರಿಯ ನಾಗರಿಕರ ರಿಯಾಯಿತಿ ಎಂದರೆ ನಮ್ಮಂಥವರ ಬೆನ್ನು ನೆಟ್ಟಗಾಗುತ್ತದೆ. ಮುಂದೆ ಓದಿದರೆ, ಆ ದೇಶದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ಅಂದರೆ ನಾನು ಹಿರಿಯ ಹೌದು, ನಾಗರಿಕ ಅಲ್ಲ. ಮಗಳೇ 80 ಡಾಲರಿನ ವಾರ್ಷಿಕ ಪಾಸು ಕೊಂಡಳು.

ಇನ್ನು ಊಟ. ಇದು ಸಂಪೂರ್ಣವಾಗಿ ನನ್ನಾಕೆಯ ಇಲಾಖೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿದ ಅವಲಕ್ಕಿ, ಕೋಡುಬಳೆ, ರವೆಉಂಡೆ, ಸಾರಿನಪುಡಿ, ಮೂರು ತಲೆಮಾರಿನ ಹೊಟ್ಟೆನೋವು ಕಂಡಿರುವ ಇಂಗಿನ ಡಬ್ಬಿ. ಅಷ್ಟರಲ್ಲಿ ಅಳಿಯಂದಿರು ಯೊಸೆಮಿಟಿಯ ಕರಡಿ ನಿಯಮ ಓದಿ ಹೇಳಿದರು. ಡೇರೆಯ ಜಾಗದಲ್ಲಿ ಒಂದೊಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ವಾಸನೆ ಬರುವ ಯಾವುದನ್ನೂ ಡೇರೆಯೊಳಗಾಗಲೀ ರಾತ್ರಿ ಹೊತ್ತು ಕಾರಿನೊಳಗಾಗಲೀ ಇಡುವಂತಿಲ್ಲ, ಎಲ್ಲ ಆ ಪೆಟ್ಟಿಗೆಗೆ ಹೋಗಬೇಕು. ತಿಂಡಿ ಅಷ್ಟೇ ಅಲ್ಲ, ಸೋಪು, ಟೂತ್‌ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು ಕೂಡ. ಇಲ್ಲದಿದ್ದರೆ ಕರಡಿ ಬಂದು ಕಾರಿನ ಬಾಗಿಲನ್ನು ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಸುಲಿದು ಹಾಕುತ್ತದೆ.

‘ವಾಸನೆ ಬರುವ ಯಾವುದನ್ನೂ’ ಎಂದ ಕೂಡಲೇ ಮನೆಯವರೆಲ್ಲ ಇಂಗಿನ ಡಬ್ಬಿ ನೋಡಿದರು. ಡಬ್ಬಿಯ ಮುಚ್ಚಳ ಬಿಗಿಯಾಗೇ ಇತ್ತು. ಅದನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಚೀಲವನ್ನು ಇನ್ನೊಂದು ಡಬ್ಬಿಯೊಳಗೆ ಇಟ್ಟು, ಡಬ್ಬಿಗೆ ಟೇಪು ಸುತ್ತಿ ನನ್ನ ಕೈಗೆ ಕೊಟ್ಟರು. ಮೂಸಿದೆ. ಸಾರಿಗೆ ಒಗ್ಗರಣೆ ಬಿದ್ದ ಹಾಗಿತ್ತು. ‘ಅಜ್ಜಿ, ಕರಡಿಗೆ ಇಂಗು ಇಷ್ಟಾನಾ?’ ಎಂದು ಮೊಮ್ಮಗ ಕೇಳಿದ. ‘ಒಂದು ಸಲ ನೆಕ್ಕಿದರೆ ಜನ್ಮದಲ್ಲಿ ಇನ್ನೊಂದು ಕಾರು ಮುಟ್ಟಲ್ಲ ಬಿಡು’ ಎಂದಳು ನನ್ನಾಕೆ. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಗ್ರಿಜ್ಲಿ ಕರಡಿಯ ಚಿತ್ರವಿದೆ, ಆದರೆ ಆ ರಾಜ್ಯದಲ್ಲಿ ಗ್ರಿಜ್ಲಿ ನಿರ್ವಂಶವಾಗಿ ಸುಮಾರು ನೂರು ವರ್ಷವಾಯಿತು. ಈಗ ಇರುವುದು ಕಪ್ಪು ಕರಡಿ, ಸ್ವಭಾವದಲ್ಲಿ ಕೊಂಚ ಸಾಧು. ಈ ವಿಷಯ ಹೇಳಿ ಸಮಾಧಾನ ಮಾಡಲು ಹೋದೆ. ಸಾಧುವಾಗಿದ್ದರೆ ಬಾಗಿಲು ಯಾಕೆ ಕೀಳುತ್ತದೆ ಎಂದು ಮಗಳು ಕೇಳಿದಳು.

ಡೆತ್ ವ್ಯಾಲಿ ಎಂಬ ಇನ್ನೊಂದು ಉದ್ಯಾನ ದಾರಿಯಲ್ಲೇ ಸಿಗುತ್ತಿತ್ತು. ಸಮುದ್ರಮಟ್ಟಕ್ಕಿಂತ 86 ಮೀಟರ್ ತಗ್ಗು, 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾದ ಜಾಗ. ಬೇಸಗೆಯಲ್ಲಿ ಜನ ಬೇಕೆಂದೇ ಹೋಗಿ ಅಲ್ಲಿನ ಉಷ್ಣಮಾಪಕದ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ಒಂದು ಒಬ್ಬೆ ಸಂಡಿಗೆ ಇಟ್ಟು ಬರಬಹುದಿತ್ತು ಎಂದು ನನ್ನಾಕೆ ಅಂದದ್ದು ಬಿಟ್ಟರೆ ಆ ಜಾಗದ ಪರವಾಗಿ ಯಾರೂ ಮಾತಾಡಲಿಲ್ಲ.

ಅವಳಿಗೆ ನಿಜವಾದ ತೊಡಕು ಬಂದದ್ದು ಯೂಟಾ ಗಡಿಯಲ್ಲಿ. ಯೂಟಾದ ಗಡಿಯಾರ ಬೇಸಗೆಯಲ್ಲಿ ಒಂದು ಗಂಟೆ ಮುಂದೆ ಹೋಗುತ್ತದೆ. ಪಕ್ಕದ ಅರಿಜೋನಾ ಆ ಪದ್ಧತಿಯನ್ನೇ ಒಪ್ಪುವುದಿಲ್ಲ. ಹಾಗಾಗಿ ಗಡಿ ದಾಟಿದರೆ ಒಂದು ಗಂಟೆ ಹಿಂದೆ. ಅರಿಜೋನಾದೊಳಗಿನ ನವಾಹೊ ಬುಡಕಟ್ಟಿನವರ ಸೀಮೆ ಒಪ್ಪುತ್ತದೆ, ಅಲ್ಲಿ ಮತ್ತೆ ಒಂದು ಗಂಟೆ ಮುಂದೆ. ನವಾಹೊ ಸೀಮೆಯ ನಡುವೆ ಇರುವ ಹೋಪಿ ಜನರ ಸೀಮೆ ಒಪ್ಪುವುದಿಲ್ಲ. ಅಳಿಯಂದಿರು ಇದಕ್ಕೂ ಕಾಲಂ ಮಾಡಿದ್ದರು. ನಾವು ಸೋಮವಾರ ಬೆಳಗ್ಗೆ ಯೂಟಾದ ಕನಾಬ್ ಎಂಬ ಪುಟ್ಟ ಊರಿನಿಂದ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೊರಡಬೇಕು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ‘ಒಂಬತ್ತು ಐದಕ್ಕೆ ಹೊರಟರಾಯ್ತು’ ಎಂದರು ಅಳಿಯ, ದೊಡ್ಡ ಮನಸ್ಸು ಮಾಡಿ. ಅರಿಜೋನಾ ಗಡಿ ಆ ಊರಿಂದ ಹತ್ತು ನಿಮಿಷದ ದಾರಿ. ಅಲ್ಲಿ ಕಾಲಿಟ್ಟ ಕೂಡಲೇ ಗಂಟೆ ಎಂಟೂಕಾಲು. ಬಿಟ್ಟುಬಂದ ರಾಹುಕಾಲದೊಳಕ್ಕೆ ನಾವೇ ಮತ್ತೆ ಕಾರು ಓಡಿಸಿಕೊಂಡು ಹೋದ ಹಾಗಾಯಿತು! ರಾಹುಕಾಲವನ್ನು ಸೂರ್ಯೋದಯದಿಂದ ಲೆಕ್ಕ ಹಾಕಬೇಕು, ಗೋಡೆ ಗಡಿಯಾರದಿಂದಲ್ಲ ಎಂದು ನಾನು ಶಾಸ್ತ್ರ ಹೇಳಿದೆ. ‘ಅದಕ್ಕೆಲ್ಲ ನಿಮ್ಮ ಅಳಿಯನ ಪಟ್ಟಿಯಲ್ಲಿ ಮನೆ ಎಲ್ಲಿದೆ ರೀ?’ ಎಂದಳು. ಮಾರನೇ ದಿನ ನೋಡಿದರೆ ಹೊಸದೊಂದು ಕಾಲಂ, ನೇರಳೆ ಬಣ್ಣದ್ದು.

ಗ್ರ್ಯಾಂಡ್ ಕ್ಯಾನ್ಯನ್ನಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳ. ಉತ್ತರದ ಅಂಚಿನಿಂದ ದಕ್ಷಿಣದ ಅಂಚಿಗೆ ಹಕ್ಕಿ ಹಾರಿದರೆ 16 ಕಿಲೋಮೀಟರು, ಕಾರು ಹೋದರೆ ಸುಮಾರು 345. ಒಂದೇ ಅಂಚು ಸಾಕೆಂದು ಎಲ್ಲರೂ ಒಪ್ಪಿದರು. ಆಮೇಲೆ ನಾನು ಬಾಯಿ ಬಿಟ್ಟೆ. ಆ ಕಮರಿಯ ನಡುವೆ ಎದ್ದು ನಿಂತಿರುವ ಶಿಖರಗಳಿಗೆ 1880ರ ಆಸುಪಾಸಿನಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಪೂರ್ವದೇಶಗಳ ದೇವರ ಹೆಸರಿಡುವ ಪದ್ಧತಿ ಹಾಕಿಕೊಟ್ಟ. ವಿಷ್ಣು ದೇವಾಲಯ, ಶಿವ ದೇವಾಲಯ ಆದವು. ಬ್ರಹ್ಮನೂ ಇದ್ದಾನೆ, ರಾಮ, ಕೃಷ್ಣ, ಮನು, ಬುದ್ಧ ಎಲ್ಲರೂ ಇದ್ದಾರೆ. ತಳದ ಕಲ್ಲಿಗೂ ವಿಷ್ಣುವಿನ ಹೆಸರೇ, ವಯಸ್ಸು ಸುಮಾರು 170 ಕೋಟಿ ವರ್ಷ. ಶಿವ ದೇವಾಲಯದ ನೆತ್ತಿಯ ಮೇಲೆ ಹೊರಪ್ರಪಂಚದ ಸಂಪರ್ಕವಿಲ್ಲದೆ ಬೇರೆಯೇ ಬಗೆಯ ಪ್ರಾಣಿಗಳು ಬೆಳೆದಿರಬಹುದೆಂದು 1937ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ತಂಡವೊಂದು ಪತ್ರಿಕೆಗಳಲ್ಲಿ ಭಾರೀ ಸದ್ದು ಮಾಡಿಕೊಂಡು ಹತ್ತಿತು. ಮೇಲೆ ಸಿಕ್ಕಿದ್ದು ಕೆಳಗೆ ಸಿಗುವಂಥ ಇಲಿ, ಅಳಿಲುಗಳೇ.

ನನ್ನಾಕೆಗೆ ಇಲಿಯ ಸಂಗತಿ ಕಿವಿಗೆ ಬೀಳಲಿಲ್ಲ. ‘ದೇವಸ್ಥಾನಾನಾ?’ ಎಂದಳು. ಗುಡಿಯಲ್ಲ, ಗುಡ್ಡ ಎಂದೆ. ತಿರುವಣ್ಣಾಮಲೆಯೂ ಗುಡ್ಡವೇ ತಾನೆ ಎಂದಳು. ಹತ್ತಿರ ಹೋಗಲಾಗುವುದಿಲ್ಲ, ದಕ್ಷಿಣದ ಅಂಚಿನಿಂದ ದೂರಕ್ಕೆ ನೋಡಬೇಕು ಎಂದೆ. ದೂರದಿಂದಲೇ ಕೈಮುಗಿದರಾಯ್ತು, ಎಷ್ಟೋ ಸಲ ತಿರುಪತಿಯಲ್ಲಿ ಅಷ್ಟೂ ಕಂಡಿಲ್ಲ ಎಂದಳು. ಅಳಿಯಂದಿರು ಗಾಬರಿಯಾಗಿ, ಉದ್ಯಾನದೊಳಗೆ ಹೂವು, ಕುಂಕುಮ, ಕರ್ಪೂರ ಯಾವುದೂ ಕೂಡದು, ತಂದದ್ದೆಲ್ಲ ವಾಪಸ್ಸು ಒಯ್ಯಬೇಕು ಎಂದು ವಿವರಿಸಿದರು. ಅತ್ತೆ ಎಲ್ಲದಕ್ಕೂ ‘ಆಯ್ತಪ್ಪಾ’ ಎಂದರು. ಅತ್ತೆ ಇಷ್ಟು ಬೇಗ ಒಪ್ಪಿದರೆ ಅನುಮಾನಪಡಬೇಕೆಂಬುದನ್ನು ಅವರು ಇನ್ನೂ ಕಲಿಯಬೇಕು.

ಹೊರಡುವ ವಾರ ಸಾಮಾನಿನ ಪಟ್ಟಿ ಅಚ್ಚಾಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಅಡುಗೆಯ ವಿಭಾಗದಲ್ಲಿ, ಅವಲಕ್ಕಿಯ ಕೆಳಗೆ, ಪೆನ್ನಿನಲ್ಲಿ ‘ತೆಂಗಿನಕಾಯಿ 1’ ಎಂದು ಸೇರಿತ್ತು. ‘ಯಾಕಮ್ಮಾ ಇದು?’ ಎಂದಳು ಮಗಳು. ‘ಚಟ್ನಿಗೆ’ ಎಂದಳು ಅವಳ ಅಮ್ಮ. ಕಾರಿನಲ್ಲಿ ಮಿಕ್ಸಿಯೂ ಇಲ್ಲ, ತುರಿಯುವ ಮಣೆಯೂ ಇಲ್ಲ ಎಂದು ಯಾರೂ ಹೇಳಲಿಲ್ಲ. ಸಂಜೆ ಅಳಿಯಂದಿರು ಆಫೀಸಿನಿಂದ ಬಂದು, ಪಟ್ಟಿ ನೋಡಿ, ಸ್ವಲ್ಪ ಹೊತ್ತು ನಿಂತು, ಅದರ ಮುಂದೆ ತಾವೂ ಪೆನ್ನಿನಲ್ಲಿ ಬರೆದರು: ‘ಕರಡಿ ಪೆಟ್ಟಿಗೆ’.