ಮಾಲಕರಿಲ್ಲದ ಜಾಲದ ವಾರ್ಷಿಕ ವರದಿ

ಡಿಸೆಂಬರ್ ಬಂತೆಂದರೆ ಮುಕ್ತ ತಂತ್ರಾಂಶದವರಿಗೆ ವರ್ಷದ ಲೆಕ್ಕ ಒಪ್ಪಿಸುವ ಹುರುಪು. ಪಗಾರವಿಲ್ಲದ ಕೆಲಸಕ್ಕೆ ಇಷ್ಟುದ್ದ ವರದಿ ಬರೆಯುವ ಜನ ಬೇರೆಲ್ಲೂ ಸಿಗಲಿಕ್ಕಿಲ್ಲ. ಅಂಥದೊಂದನ್ನು ಅಣ್ಣಿಗೇರಿಯ ಚಹಾದಂಗಡಿಯಲ್ಲಿ ಕಾಕಾನಿಗೆ ಓದಿ ಹೇಳಹೋದೆ. 2016ರಲ್ಲಿ ಮಾಸ್ಟಡಾನ್ ಎಂಬ ಸಾಮಾಜಿಕ ಜಾಲ ಬಂತು, ಅದರಲ್ಲಿ ಸಾವಿರಾರು ಸರ್ವರ್‌ಗಳು, ಒಂದೊಂದನ್ನು ಒಬ್ಬೊಬ್ಬರು ನಡೆಸುತ್ತಾರೆ. 2018ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಒಪ್ಪಿದ ಆಕ್ಟಿವಿಟಿಪಬ್ ನಿಯಮದಿಂದ ಎಲ್ಲವೂ ಒಂದಕ್ಕೊಂದು ಮಾತಾಡುತ್ತವೆ, ಎಂದೆ.

"ಮಾಲಕ ಯಾರು?"

"ಒಬ್ಬಾಂವ ಅಂತ ಇಲ್ರಿ ಕಾಕಾ."

"ಮತ್ತ ಬಂದ್ ಬಿದ್ರ ಬೈಯೂದು ಯಾರಿಗೆ?"

ದೊಡ್ಡ ದೊಡ್ಡ ಸಮ್ಮೇಳನಗಳಲ್ಲೂ ಈ ಪ್ರಶ್ನೆ ಇಷ್ಟು ನೇರವಾಗಿ ಬಂದದ್ದನ್ನು ನಾನು ಕೇಳಿಲ್ಲ. ನವಲಗುಂದದ ಹೋಳಿಯ ಆಸರೆ ಹಿಡಿದೆ. ಊರಿಗೆ ರಾಮಲಿಂಗ ಕಾಮಣ್ಣ ದೊಡ್ಡವನೇ. ಆದರೂ ಓಣಿಯವರು ತಮ್ಮ ಕಾಮಣ್ಣನನ್ನು ತಾವೇ ಕೂಡಿಸುತ್ತಾರೆ, ಯಾವ ಹೆಡ್ಡಾಫೀಸಿಗೂ ಅರ್ಜಿ ಹಾಕುವುದಿಲ್ಲ. ಕಾಕಾನ ತಲೆ ಆಡಿತು.

ಹುರುಪಿಗೆ ಇನ್ನಷ್ಟು ಸೇರಿಸಿದೆ: 2003ರಿಂದ ಕನ್ನಡ ವಿಕಿಪೀಡಿಯ ಇದೆ, ಬರೆಯುವವರೆಲ್ಲ ಸ್ವಯಂಸೇವಕರು, ಒಂದು ಕಾಗುಣಿತಕ್ಕೆ ವಾರಗಟ್ಟಲೆ ವಾದಿಸುವವರೂ ಸ್ವಯಂಸೇವಕರೇ. (ಎರಡನೆಯ ವರ್ಗಕ್ಕೆ ಜನ ಎಂದೂ ಕಡಿಮೆ ಬೀಳುವುದಿಲ್ಲ.)

ವರದಿಯ ಕೊನೆಯ ಪುಟದಲ್ಲಿ ಪ್ರತಿವರ್ಷದ ಎರಡು ಸಾಲು: ಬರುವ ವರ್ಷ ನಮ್ಮದು, ಸರ್ವರ್ ಖರ್ಚಿಗೆ ದೇಣಿಗೆ ಕೊಡಿ.

ಕಾಕಾ ಬಸಿಯಲ್ಲಿದ್ದ ಚಹಾ ಊದಿದರು. "ಅದೆಲ್ಲಾ ಬರೋಬ್ಬರಿ ಐತಿ ತಮ್ಮಾ. ಪಟ್ಟಿ ಎಷ್ಟ್ ಕೂಡ್ತು, ಅದನ್ನ ಓದು."